ಲಾಯರು ಹೂಡಿಸಿದ ಒಲೆ

ನಮ್ಮ ಅಡುಗೆಮನೆಯ ಮೂಲೆಯಲ್ಲಿ ಒಂದು ಒಂಟಿ ಒಲೆ ಇದೆ. ಕೋಡೊಲೆಯಲ್ಲ. ಕೋಡೊಲೆ ಎಂದರೆ ನಿಮಗೆ ಗೊತ್ತಲ್ಲ, ದೊಡ್ಡ ಬಾಯಿಯ ಮೇಲೆ ಮುದ್ದೆಯ ಎಸರು ಕೊತಕೊತ ಕುದಿಯುತ್ತಿದ್ದರೆ, ಅದು ತಿಂದು ಮಿಕ್ಕ ಉರಿಯಲ್ಲೇ ಪಕ್ಕದ ಕೋಡಿನ ಮೇಲೆ ಸಾರು ತನ್ನ ಪಾಡಿಗೆ ತಾನು ಕಾಯುತ್ತಿರುತ್ತದೆ. ಬೆಂಕಿ ಒಂದು, ಪಾತ್ರೆ ಎರಡು. ಇದಕ್ಕೆ ಒಂದೇ ಬಾಯಿ, ಒಂದೇ ಪಾತ್ರೆ, ಮಕ್ಕಳಾಟದ ಒಲೆಗಿಂತ ಒಂದು ಗೇಣು ದೊಡ್ಡದಷ್ಟೆ. ಸೀಮೆಎಣ್ಣೆ ಸ್ಟೌ ಬಂದು ಎಷ್ಟೋ ಕಾಲವಾದರೂ ನಾನು ಶುಕ್ರವಾರ ತಪ್ಪದೆ ಇದನ್ನು ಸಾರಿಸಿ, ಕೆಮ್ಮಣ್ಣು ಬಳಿದು, ಎರಡೆಳೆ ರಂಗೋಲಿ ಇಡುತ್ತೇನೆ. ಮನೆಗೆ ಬಂದವರು ಇದನ್ಯಾಕೆ ಇನ್ನೂ ಇಟ್ಟುಕೊಂಡಿದ್ದೀರಿ ಎಂದು ಕೇಳಿದರೆ, ಇನ್‌ಕಂ ಟ್ಯಾಕ್ಸಿಗೆ ಎನ್ನುತ್ತೇನೆ. ಅವರು ನಗುತ್ತಾರೆ. ನಾನೂ ನಗುತ್ತೇನೆ, ಆದರೆ ಮುಖ ಎತ್ತಿ ನಗುವುದಕ್ಕೆ ನನ್ನಿಂದ ಆಗುವುದಿಲ್ಲ.

ರಾಜಾಜಿನಗರ ಆಗಿನ್ನೂ ನಕಾಶೆಯಲ್ಲಿ ಹೆಚ್ಚು, ನೆಲದ ಮೇಲೆ ಕಡಮೆ. ಮಾಗಡಿ ರಸ್ತೆಯ ಪಕ್ಕದ ನಮ್ಮ ರಾಗಿ ಹೊಲಗಳಲ್ಲಿ ಸರ್ವೆಯವರು ಕಲ್ಲು ನೆಟ್ಟು ಹೋಗಿದ್ದರು. ಹೊಲ ಹೋಗಿ ಸೈಟು ಎಂಬ ಹೊಸ ಮಾತು ಬಂದಿತ್ತು. ಪೇಟೆಯಲ್ಲಿ ಮನೆಗಳು ಒತ್ತೊತ್ತಾಗಿ ಜಟಕಾದವರಿಗೆ ಕುದುರೆ ಕಟ್ಟಲು ಜಾಗವಿಲ್ಲದಂತಾಗಿತ್ತು. ಬಂಗಲೆಗಳ ದೊಡ್ಡ ಮನುಷ್ಯರಿಗೋ, ಮೋಟಾರು ಕೊಂಡ ಮೇಲೆ ಅಪ್ಪನ ಕಾಲದ ಕುದುರೆಯನ್ನು ಇಟ್ಟುಕೊಳ್ಳುವಂತಿಲ್ಲ, ಮಾರಲು ಮನಸ್ಸೂ ಇಲ್ಲ. ಈ ಇಬ್ಬರ ತಾಪತ್ರಯವನ್ನೂ ಕಂಡ ನಮ್ಮ ಭಾವ, ಎಂದರೆ ನನ್ನ ಯಜಮಾನರ ಅಣ್ಣ, ಉಳಿದಿದ್ದ ತುಂಡು ಹೊಲದಲ್ಲಿ ಉದ್ದನೆಯ ಹೆಂಚಿನ ಲಾಯ ಕಟ್ಟಿಸಿದರು. ಕುದುರೆ ಗಿರಾಕಿಗಳದು, ಸಾಕಣೆ ನಮ್ಮದು. ಹುಲ್ಲು, ಹುರುಳಿ, ಮಾಲೀಸು, ಲಾಳ ಹೊಡೆಸುವುದು ಎಲ್ಲ ಸೇರಿ ತಿಂಗಳಿಗೆ ಇಷ್ಟು ಎಂದು ಗೊತ್ತುಪಾಡು. ಭಾವನಿಗೆ ಕುದುರೆ ಎಂದರೆ ಪ್ರಾಣ, ಯಜಮಾನರಿಗೆ ಲೆಕ್ಕವೆಂದರೆ ಪ್ರಾಣ, ಹೀಗಾಗಿ ಇಬ್ಬರಿಗೂ ಜಗಳವಾಡಲು ವಿಷಯವೇ ಸಿಗುತ್ತಿರಲಿಲ್ಲ.

ಬೆಳಗಾದರೆ ಲಾಯದ ಅಂಗಳದಲ್ಲಿ ದೊಡ್ಡ ಕೊಪ್ಪರಿಗೆಯಲ್ಲಿ ಹುರುಳಿ ಬೇಯುತ್ತಿತ್ತು. ಕಾಳು ಕುದುರೆಗಳಿಗೆ, ಬಸಿದ ಕಟ್ಟು ಮನೆಗೆ. ಆ ಕಟ್ಟಿಗೆ ಹುಣಿಸೆಹುಳಿ, ಬೆಳ್ಳುಳ್ಳಿ, ಮೆಣಸಿನಪುಡಿ ಬಿದ್ದು ಕೋಡಿನ ಮೇಲೆ ಕುದಿಯತೊಡಗಿದರೆ ರಸ್ತೆಯ ಆಚೆಯವರೆಗೂ ಘಮ. ಉಪ್ಪು ಹಾಕುವ ಅಧಿಕಾರ ಮಾತ್ರ ಅಕ್ಕನದು. ಅಕ್ಕ ಎಂದರೆ ಭಾವನ ಹೆಂಡತಿ, ನನಗಿಂತ ಹತ್ತು ವರ್ಷ ಮೊದಲು ಆ ಮನೆಗೆ ಬಂದವಳು. ಅವಳು ಉಪ್ಪು ಹಾಕಿ, ಅಂಗೈ ಮೇಲೆ ಒಂದು ತೊಟ್ಟು ಬಿಟ್ಟುಕೊಂಡು ನೆಕ್ಕಿ, ಇನ್ನೊಂದು ತೊಟ್ಟನ್ನು ನನ್ನ ಅಂಗೈಗೆ ಬಿಟ್ಟು, "ಸಾಕಾ ನೋಡೇ" ಅನ್ನುವಳು. ನಾನು ಸಾಕು ಅನ್ನುವೆ. ಸಾಲದು, ಜಾಸ್ತಿ ಎಂದಿದ್ದರೆ ಏನಾಗುತ್ತಿತ್ತೋ, ನಾನು ಒಂದು ದಿನವೂ ಅಂದು ನೋಡಲಿಲ್ಲ.

ಲಾಯ ಕೈಹತ್ತಿತು. ಕೈಹತ್ತಿದ್ದೇ ತಡ, ಯಜಮಾನರಿಗೆ ನಿದ್ದೆ ಕೆಟ್ಟಿತು. ತೆರಿಗೆಯವರು ಇಂದಲ್ಲ ನಾಳೆ ಬರುತ್ತಾರೆ, ಈ ವ್ಯಾಪಾರ ಯಾರ ಹೆಸರಿನದು ಎಂದು ಕೇಳುತ್ತಾರೆ, ಏನು ಹೇಳುವುದು? ಹೀಗೆಂದು ಅವರು ಪೇಟೆಯಿಂದ ಒಬ್ಬ ಲಾಯರನ್ನು ಕರೆತಂದರು. ನಮ್ಮತ್ತೆಗೆ ಆ ಹೆಸರು ಕೇಳಿ ಬಹಳ ಸಂತೋಷವಾಯಿತು. ಲಾಯ ಇದ್ದ ಮೇಲೆ ಲಾಯರೂ ಇರಲೇಬೇಕಲ್ಲ, ಕುದುರೆ ವೈದ್ಯ ತಿಳಿದವರಿರಬೇಕು ಎಂದುಕೊಂಡು, ಲಾಯರು ಬಂದು ಜಗುಲಿಯ ಮೇಲೆ ಕೂರುತ್ತಲೇ ಅತ್ತೆ ಮೋತಿ ಎಂಬ ನಮ್ಮ ಸ್ವಂತ ಕುದುರೆಯ ಹೊಟ್ಟೆಯುಬ್ಬರಕ್ಕೆ ಮದ್ದು ಕೇಳಿದರು.

ಲಾಯರು ಒಳ್ಳೆಯವರೇ. ಎಲ್ಲವನ್ನೂ ಬಿಡಿಸಿ ಹೇಳಿದರು. ಹುರುಳಿಗೆ ಬೇರೆ, ಹುಲ್ಲಿಗೆ ಬೇರೆ ಎಂದು ಬಿಲ್ಲು ಬರೆದರೆ ನೀವು ಹುರುಳಿ ಮಾರುವವರಾಗುತ್ತೀರಿ, ಮಾರಾಟ ತೆರಿಗೆಯ ರಗಳೆ ಶುರುವಾಗುತ್ತದೆ. ಒಟ್ಟಾಗಿ ಸಾಕಣೆಯ ಖರ್ಚು ಎಂದು ಬರೆಯಿರಿ ಎಂದರು. ಲಿಮಿಟೆಡ್ ಕಂಪನಿ ಮಾಡಿದರೆ ಒಂದು ಅನುಕೂಲವಿದೆ, ಯಾರೋ ಶ್ರೀಮಂತರ ಕುದುರೆ ನಿಮ್ಮ ಲಾಯದಲ್ಲಿ ಸತ್ತು ಅವರು ದಾವಾ ಹೂಡಿದರೂ ನಿಮ್ಮ ಮನೆ ಹೊಲಕ್ಕೆ ಕೈ ಹಾಕುವಂತಿಲ್ಲ, ಹೊಣೆ ಕಂಪನಿಯಷ್ಟಕ್ಕೇ ನಿಲ್ಲುತ್ತದೆ. ಆದರೆ ವರ್ಷವರ್ಷ ಆಡಿಟ್ಟು, ಸಭೆ, ಮೇಲಾಗಿ ಮೊದಲ ರೂಪಾಯಿಯಿಂದಲೇ ತೆರಿಗೆ ಎಂದರು.

ಭಾವನಿಗೆ ಅದು ಹಿಡಿಸಲಿಲ್ಲ. "ಅಲ್ಲ ಸ್ವಾಮಿ, ನಮ್ಮನ್ನ ನಂಬಿ ಕುದುರೆ ಬಿಟ್ಟೋಗಿರ್ತಾರೆ. ಸತ್ತೋಯ್ತು, ನಮ್ಮ ಹೊಣೆ ಇಷ್ಟೇಯ ಅಂತ ಅಳತೆ ತೋರ್ಸಕ್ಕಾಯ್ತದಾ?"

"ಹಾಗಾದ್ರೆ ಪಾಲುದಾರಿಕೆ ಫರ್ಮು ಮಾಡಿ ಗೌಡ್ರೇ," ಎಂದರು ಲಾಯರು. "ಸಣ್ಣ ವ್ಯಾಪಾರಕ್ಕೆ ಅದೇ ಸರಿ. ಇನ್ನೊಂದು ವಿಷಯ, ನಿಮ್ಮ ಸ್ವಂತ ಕುದುರೆ ಬಾಡಿಗೆಗೆ ಓಡ್ತಾ ಇದ್ದು ಸತ್ತುಹೋದ್ರೆ, ಇಲ್ಲಾ ಪೂರ್ತಿ ಕೆಲಸಕ್ಕೆ ಬಾರದ ಹಾಗಾದ್ರೆ, ಕೊಂಡ ಬೆಲೇಲಿ ಅದನ್ನ ಮಾರಿ ಬಂದಷ್ಟು ಕಳೆದು ಮಿಕ್ಕಿದ್ದನ್ನ ಆದಾಯದಿಂದ ಬಿಡ್ತಾರೆ."

ಕಂಬಕ್ಕೊರಗಿ ಅವರೆಕಾಯಿ ಸುಲಿಯುತ್ತಿದ್ದ ಅತ್ತೆ ತಲೆಯೆತ್ತಿದರು. "ಕೆಲ್ಸಕ್ಕೆ ಬಾರದವ್ರಿಗೂ ಸರ್ಕಾರ ಬಿಡ್ತದಾ? ಹಂಗಾರೆ ನನ್ನೂ ಅದ್ರಲ್ಲೇ ಬರ್ಕೊಳಿ ಲಾಯರಪ್ಪ. ಕಣ್ಣು ಮಂಜಾಗೈತೆ, ಮಂಡಿ ಹಿಡ್ಕಂಡೈತೆ."

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಲಾಯರಂತೂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಇಂದು ಆ ನಗುವನ್ನು ನೆನೆದರೆ ನನ್ನ ಕಿವಿ ಬಿಸಿಯಾಗುತ್ತದೆ.

ತೊಡಕು ಇದ್ದದ್ದು ಮುಂದಿನ ಮಾತಿನಲ್ಲಿ. ಅಣ್ಣತಮ್ಮಂದಿರು ಒಟ್ಟು ಕುಟುಂಬವಾಗಿದ್ದರೆ ಕಾನೂನಿನ ಕಣ್ಣಿಗೆ ಇಬ್ಬರೂ ಒಬ್ಬರೇ, ಆದಾಯವೂ ಒಂದೇ, ಅದರ ಮೇಲಿನ ತೆರಿಗೆಯೂ ಒಟ್ಟಾಗಿ ಹೆಚ್ಚು. ಬೇರೆಯಾಗಿ ಪಾಲುದಾರರಾದರೆ ಇಬ್ಬರಿಗೂ ಬೇರೆ ಬೇರೆ ವಿನಾಯಿತಿ. ಆದ್ದರಿಂದ ಪಾಲುದಾರರಾಗುವ ಮೊದಲು ಪಾಲಾಗಬೇಕು. ಕಾಗದದ ಮೇಲಷ್ಟೇ, ಎಂದರು ಲಾಯರು. ಆದರೆ ಕಾಗದವನ್ನು ಆಫೀಸರು ಸುಮ್ಮನೆ ಒಪ್ಪುವುದಿಲ್ಲ, ಮನೆಗೆ ಬಂದು ವಿಚಾರಣೆ ಮಾಡುತ್ತಾರೆ, ಬೇರೆಯಾಗಿದ್ದಾರೋ ಇಲ್ಲವೋ ಎಂಬುದಕ್ಕೆ ಅವರು ನೋಡುವ ಮೊದಲ ಗುರುತು ಒಲೆ, ಅದಕ್ಕೇ ಒಂದು ಒಲೆ ಹೂಡಿಬಿಡಿ ಎಂದರು.

ಹೀಗೆ ಈ ಒಲೆ ಹುಟ್ಟಿತು. ಹುರುಳಿ ಮೂಟೆ ಇಡುತ್ತಿದ್ದ ಕೋಣೆಯನ್ನು ಬಿಡಿಸಿ, ಅತ್ತೆಯೇ ಮಂಡಿ ನೋವಿನಲ್ಲಿ ಕೂತು, ಲಾಯದ ಹಿಂದಿನ ಜೇಡಿಮಣ್ಣಿಗೆ ಕುದುರೆ ಲದ್ದಿ ಕಲಸಿ ತಟ್ಟಿ ಕೊಟ್ಟರು. ಆಟದಂತೆ ಮಾಡಿದೆವು. ಅಕ್ಕ ಒಂದು ಮಡಕೆ, ಒಂದು ಉಪ್ಪಿನ ಭರಣಿ, ಒಂದು ಸೌಟು ಎತ್ತಿ ಕೊಟ್ಟು, "ಸಂಸಾರ ಹೂಡ್ತಾವಳೆ ನೋಡ್ರೋ ನಮ್ಮ ಸಣ್ಣಮ್ಮಣ್ಣಿ" ಎಂದು ಕೆನ್ನೆ ಗಿಲ್ಲಿದಳು. ಕೆಂಡವನ್ನು ಕೂಡ ಆ ಒಲೆಯಿಂದ ಈ ಒಲೆಗೆ ತರಬೇಡಿ, ಬೆಂಕಿಪೊಟ್ಟಣವೂ ಬೇರೆ ಇರಲಿ ಎಂದು ಲಾಯರು ಹೇಳಿಕಳಿಸಿದಾಗ ಅದಕ್ಕೂ ನಕ್ಕೆವು. ಆಫೀಸರು ಯಾವತ್ತು ಬರುತ್ತಾರೋ ತಿಳಿಯದು, ಆದ್ದರಿಂದ ದಿನಾಲೂ ಹಚ್ಚಿ ಎಂದಾಗ ಮಾತ್ರ ಯಾರೂ ನಗಲಿಲ್ಲ.

ಇಲ್ಲಿ ನಿಮಗೆ ನಾನು ಒಂದು ಮಾತು ಹೇಳಲೇಬೇಕು. ಆ ಒಲೆಯ ಮುಂದೆ ಮೊದಲ ಸಲ ಕೂತಾಗ ನನಗೆ ಆದ ಸಂತೋಷ ನನ್ನ ಮದುವೆಯ ದಿನವೂ ಆಗಿರಲಿಲ್ಲ. ಉಪ್ಪು ನನ್ನದು. ಹುಳಿ ಎಷ್ಟು ಎಂಬುದು ನನ್ನ ಬೆರಳಿಗೆ ಬಿಟ್ಟದ್ದು. ಯಜಮಾನರು ಮುದ್ದೆ ಮುರಿದು ಅದ್ದಿ, ಇನ್ನೊಂದು ಸೌಟು ಸಾರಿಗೆ ತಟ್ಟೆ ಒಡ್ಡಿದಾಗ, ಹೊಗೆಯ ನೆಪದಲ್ಲಿ ನಾನು ಕಣ್ಣೊರೆಸಿಕೊಂಡೆ. ಸುಳ್ಳಿಗೆಂದು ಹೂಡಿದ ಒಲೆಯಲ್ಲಿ ನನ್ನ ಸುಖ ಮಾತ್ರ ನಿಜವಾಗಿತ್ತು, ಅದನ್ನು ಯಾರಿಗೂ ಹೇಳುವಂತಿರಲಿಲ್ಲ. ಗೋಡೆಯಾಚೆ ಅಕ್ಕ ಉಪ್ಪು ನೋಡಲು ಯಾರ ಅಂಗೈಯೂ ಇಲ್ಲದೆ ತಾನೇ ಎರಡು ಸಲ ನೆಕ್ಕಿಕೊಳ್ಳುತ್ತಿದ್ದಳೋ ಏನೋ, ನಾನು ಇಣುಕಿಯೂ ನೋಡಲಿಲ್ಲ.

ಬೇರೆ ಎಂಬುದು ವಿಚಿತ್ರವಾದ ಪದ. ಬಾಯಲ್ಲಿ ಆಡುತ್ತಾ ಆಡುತ್ತಾ ಅದಕ್ಕೆ ಬೇರು ಬಂದುಬಿಡುತ್ತದೆ. ಮೊದಲು ಬೆಂಕಿಪೊಟ್ಟಣ ಬೇರೆಯಾಯಿತು, ಆಮೇಲೆ ಸೌದೆ, ಆಮೇಲೆ ಸಂತೆಯ ಚೀಲ. ಲಾಯದ ಕೊಪ್ಪರಿಗೆಯ ಕಟ್ಟಿನ ವಿಷಯದಲ್ಲಂತೂ ಯಜಮಾನರು ತಲೆ ಕೆಡಿಸಿಕೊಂಡರು: ಹುರುಳಿ ಫರ್ಮಿನದು, ಹಾಗಾದರೆ ಕಟ್ಟೂ ಫರ್ಮಿನ ಸ್ವತ್ತು, ಅದನ್ನು ಮನೆಗೆ ತಂದರೆ ಯಾವ ಬಾಬ್ತಿಗೆ ಬರೆಯುವುದು? ಅವರ ಗೊಂದಲ ಬಗೆಹರಿಯುವವರೆಗೆ ಕಟ್ಟು ಚರಂಡಿಗೆ ಹೋಯಿತು. ಲಾಯದ ಮುಂದೆ ಬೋರ್ಡೂ ಏರಿತು, ಕೊನೆಯಲ್ಲಿ 'ಬ್ರದರ್ಸ್' ಎಂದು ದಪ್ಪ ಅಕ್ಷರದಲ್ಲಿ. ಅಣ್ಣತಮ್ಮಂದಿರಾಗಿದ್ದಷ್ಟು ದಿನ ಬೋರ್ಡು ಬೇಕಿರಲಿಲ್ಲ. ಬೇರೆಯಾದ ಮೇಲೆ ಬರೆಸಬೇಕಾಯಿತು.

ಅತ್ತೆ ಮಾತ್ರ ಎರಡು ಅಡುಗೆಮನೆಗಳ ನಡುವಿನ ಹೊಸ್ತಿಲ ಹತ್ತಿರ ತಟ್ಟೆ ಹಿಡಿದು ಕೂರುತ್ತಿದ್ದರು. ಮುದ್ದೆ ಅಕ್ಕನದು, ಸಾರು ನನ್ನದು. ಒಂದೊಂದು ದಿನ ಸಾರು ಅಕ್ಕನದು, ಮುದ್ದೆ ನನ್ನದು. ಹೊಲ, ಲಾಯ, ಗಾಡಿ, ಮೋತಿ, ಹಸು, ಒನಕೆ, ಬಾನಿ ಎಲ್ಲವನ್ನೂ ಪಾಲು ಪತ್ರದಲ್ಲಿ ಬರೆದಿದ್ದರು. ಅತ್ತೆ ಯಾವ ಕಡೆ ಎಂಬುದು ಲಾಯರಿಗೂ ಹೊಳೆದಿರಲಿಲ್ಲ, ನಮಗೂ ಹೊಳೆದಿರಲಿಲ್ಲ.

ಆಫೀಸರು ಒಂದು ಬೆಳಗ್ಗೆ ಸೈಕಲ್ಲಿನಲ್ಲಿ ಬಂದರು. ಇನ್ನೂ ಹುಡುಗುತನ ಮಾಸದ ಮುಖ, ಮಾತು ಮೆದು. ಪೇಟೆಯಿಂದ ಲಾಯರೂ ಜಟಕಾ ಏರಿ ಬಂದರು. ಆಫೀಸರು ಚಪ್ಪಲಿ ಬಿಟ್ಟು ಒಳಗೆ ಬಂದು ಆ ಒಲೆ ನೋಡಿದರು, ಈ ಒಲೆ ನೋಡಿದರು. ಅಕ್ಕನದರ ಮೇಲೆ ಅವರೆಕಾಳು, ನನ್ನದರ ಮೇಲೆ ದಂಟಿನ ಸೊಪ್ಪು. ಎರಡು ಉಪ್ಪಿನ ಭರಣಿ, ಎರಡು ಬೆಂಕಿಪೊಟ್ಟಣ. ಎಲ್ಲ ಸರಿಯಾಗಿತ್ತು. ಹೊರಡುವ ಮುಂಚೆ, ಹೊಸ್ತಿಲ ಬಳಿ ಕೂತಿದ್ದ ಅತ್ತೆಯನ್ನು ಕಂಡು, ಮರ್ಯಾದೆಗೆ ಎಂಬಂತೆ ಬಗ್ಗಿ ಕೇಳಿದರು:

"ನೀವು ಯಾವ ಮಗನ ಜೊತೆ ಊಟ ಮಾಡ್ತೀರಮ್ಮ?"

ಭಾವ ನೆಲ ನೋಡಿದರು. ಯಜಮಾನರು ಲಾಯರ ಮುಖ ನೋಡಿದರು. ಲಾಯರು ಕನ್ನಡಕ ಒರೆಸಿಕೊಂಡರು. ಅತ್ತೆ ಯಾರ ಹೆಸರು ಹೇಳಿದ್ದರೂ ಏನೂ ಕೆಡುತ್ತಿರಲಿಲ್ಲವಂತೆ, ಕಾನೂನಿಗೆ ಅದರಿಂದ ಬಾಧಕವಿರಲಿಲ್ಲವಂತೆ. ಇದನ್ನು ಲಾಯರು ಆಮೇಲೆ ಹೇಳಿದರು. ಆದರೆ ಅತ್ತೆಗೆ ಬೇಕಾಗಿದ್ದದ್ದು ಕಾನೂನಲ್ಲ. ಒಬ್ಬ ಮಗನ ಹೆಸರು ಹೇಳಿದರೆ ಇನ್ನೊಬ್ಬನನ್ನು ಸರ್ಕಾರದ ಎದುರಿಗೆ ಬಿಟ್ಟುಕೊಟ್ಟ ಹಾಗೆ. ಇಬ್ಬರಲ್ಲಿ ಒಬ್ಬರಾದರೂ ನನ್ನ ಜೊತೆ ಎಂದಿದ್ದರೆ ಆ ಹೆಂಗಸು ಬದುಕಿಕೊಳ್ಳುತ್ತಿದ್ದರು. ನನ್ನ ಬಾಯಿಗೂ ಬಂದಿತ್ತು, ನಮ್ಮ ಒಲೆಯಲ್ಲಿ ಎಂದು. ನುಂಗಿದೆ. ಒಮ್ಮೆ ಅಂದರೆ ನಾಳೆಯಿಂದ ನನ್ನ ಉಪ್ಪು ಸರಿಯಿದೆಯೋ ಇಲ್ಲವೋ ಎಂದು ನೋಡುವವರು ಬಂದು ಕೂರುತ್ತಾರಲ್ಲ ಎಂದು ಒಂದೇ ಒಂದು ಕ್ಷಣ ನನಗೆ ಅನ್ನಿಸಿತ್ತು. ಆ ಒಂದು ಕ್ಷಣಕ್ಕೆ ನನಗೆ ಈಗಲೂ ನಾಚಿಕೆಯಾಗುತ್ತದೆ.

ಅತ್ತೆ ಸೆರಗು ಹೊದ್ದುಕೊಂಡರು. "ನಾನು ಲಾಯದಲ್ಲಿ ಉಣ್ತೀನಿ ಸಾಮಿ," ಅಂದರು. "ಕುದ್ರೆಗೆ ಬೇಯ್ಸಿದ್ರಲ್ಲಿ ಒಂದು ಹಿಡಿ. ನಂಗೆ ಎಷ್ಟು ಬೇಕು?"

ಆಫೀಸರು ಒಂದು ಗಳಿಗೆ ಅವರನ್ನೇ ನೋಡಿ, ತಲೆಯಾಡಿಸಿ, ಸೈಕಲ್ಲು ಹತ್ತಿದರು. ನಮ್ಮ ಪಾಲು ಮಂಜೂರಾಯಿತು.

ಮಧ್ಯಾಹ್ನ ತಟ್ಟೆ ಹಾಕಿ ಕರೆದರೆ ಅತ್ತೆ ಹೊಸ್ತಿಲ ಹತ್ತಿರ ಇರಲಿಲ್ಲ. ಲಾಯದಲ್ಲಿ, ಮೋತಿಯ ಗೋದಲಿಯ ಪಕ್ಕದ ಹುಲ್ಲಿನ ಕಂತೆಯ ಮೇಲೆ ಕೂತು, ಎಲೆಯ ಮೇಲೆ ಬೆಂದ ಹುರುಳಿ ಹಾಕಿಕೊಂಡು ಉಪ್ಪು ಉದುರಿಸಿಕೊಳ್ಳುತ್ತಿದ್ದರು. ಭಾವ ಹೋಗಿ ಕೈ ಹಿಡಿದು ಕರೆದರು, ಯಜಮಾನರು ಕಾಲು ಮುಟ್ಟಿದರು. ಅವರಲ್ಲಿ ಸಿಟ್ಟು ಇರಲಿಲ್ಲ, ಇದ್ದಿದ್ದರೆ ಇಳಿಸಬಹುದಾಗಿತ್ತು.

"ಸರ್ಕಾರದೋರು ಬರ್ಕಂಡೋಗವ್ರೆ ಕಣ್ರಪ್ಪ," ಅಂದರು. "ನಿಮ್ಮವ್ವ ಸುಳ್ಳಿ ಅಂತ ಆಗ್ಬಾರ್ದು. ಇಲ್ಲೇನು ಕಮ್ಮಿ ನಂಗೆ?"

ಬರಿಯ ಹುರುಳಿ ತಿನ್ನಲು ಬಿಡುವುದು ಹೇಗೆ ಎಂದು ಅಕ್ಕನೂ ನಾನೂ ತಟ್ಟೆ ಹಿಡಿದು ಲಾಯಕ್ಕೆ ಹೋಗತೊಡಗಿದೆವು. ಮಧ್ಯಾಹ್ನ ಅವಳು, ರಾತ್ರಿಗೆ ನಾನು. ಪಾಲಿಗೆ ಸಿಕ್ಕದೆ ಉಳಿದಿದ್ದ ಅತ್ತೆ ಹೀಗೆ ಪಾಳಿಗೆ ಸಿಕ್ಕಿಕೊಂಡರು. ತಂದದ್ದನ್ನು ಅವರು ಬೇಡವೆನ್ನುತ್ತಿರಲಿಲ್ಲ, ಲಾಯದಲ್ಲಿ ಕೂತು ಉಂಡರೆ ಮಾತು ಉಳಿಯಿತಲ್ಲ. ಸಾರು ಚೆನ್ನಾಗಿದೆ ಎಂದು ಇಬ್ಬರಿಗೂ ಹೇಳುತ್ತಿದ್ದರು. ಊರಿನವರು ಮೊದಲು ಕೇಳಿದರು, ಆಮೇಲೆ ಕೇಳುವುದನ್ನು ಬಿಟ್ಟರು. ನಮಗೂ ರೂಢಿಯಾಯಿತು. ಮನುಷ್ಯರಿಗೆ ಯಾವುದು ರೂಢಿಯಾಗುವುದಿಲ್ಲ ಹೇಳಿ. ಮಳೆ ಬಂದ ದಿನ ತಟ್ಟೆಗೆ ಮೊರ ಮುಚ್ಚಿಕೊಂಡು ಅಂಗಳ ದಾಟುವುದನ್ನೂ ಕಲಿತೆವು.

ಮರುವರ್ಷ ಅದೇ ಆಫೀಸರು ಫರ್ಮಿನ ರಿಜಿಸ್ಟ್ರಿಯನ್ನು ಹೊಸದು ಮಾಡುವ ವಿಷಯಕ್ಕೆ ಬಂದರು. ಊಟದ ಹೊತ್ತು. ಭಾವ ಮನೆಯಲ್ಲಿ ಇರಲಿಲ್ಲವೆಂದು ಅವರನ್ನು ಹುಡುಕಿಕೊಂಡು ನೇರ ಲಾಯಕ್ಕೇ ಹೋದರು. ಅಕ್ಕ ತಟ್ಟೆ ಇಟ್ಟು ಬಂದಿದ್ದಳು, ನಾನು ನೀರು ಕೊಡಲು ಹೋದವಳು ಬಾಗಿಲಲ್ಲೇ ನಿಂತೆ. ಅತ್ತೆ ಹುಲ್ಲಿನ ಕಂತೆಯ ಮೇಲೆ ಕೂತು ಮುದ್ದೆ ಮುರಿಯುತ್ತಿದ್ದರು. ಮೋತಿ ಅವರ ಹೆಗಲ ಮೇಲಿಂದ ತಟ್ಟೆಗೆ ಮೂಗು ಚಾಚುತ್ತಿತ್ತು, ಅವರು ಮೊಣಕೈಯಲ್ಲಿ ಅದನ್ನು ಅತ್ತ ತಳ್ಳುತ್ತಿದ್ದರು. ಆಫೀಸರ ಮುಖ ಕಪ್ಪಿಟ್ಟಿತು.

"ಅಮ್ಮಾ, ನೀವು ಇಲ್ಲಿ..."

"ಅವತ್ತೇ ಯೋಳಿದ್ನಲ್ಲ ಸಾಮಿ. ನೀವೇ ಬರ್ಕಂಡೋದ್ರಿ."

ಅವರು ಕುಕ್ಕರಗಾಲಲ್ಲಿ ಅತ್ತೆಯ ಎದುರು ಕೂತರು. "ನಾನು ಅದನ್ನ ಬರೆದುಕೊಳ್ಳಲೇ ಇಲ್ಲಮ್ಮ. ನೀವು ಯಾಕೆ ಹಾಗಂದ್ರಿ ಅಂತ ನನಗೆ ಅವತ್ತೇ ಗೊತ್ತಾಯ್ತು. ಬರೆಯೋಕೆ ಕೈ ಬರಲಿಲ್ಲ. ನಿಮ್ಮ ಮಾತು ಎಲ್ಲೂ ಇಲ್ಲ. ಒಳಗೆ ಹೋಗಿ ಊಟ ಮಾಡಿ."

ಅತ್ತೆ ಬಾಯಲ್ಲಿದ್ದ ತುತ್ತು ನುಂಗಿದರು. ತಟ್ಟೆಯನ್ನು ಪಕ್ಕಕ್ಕಿಟ್ಟರು. ನನಗೆ ಎದೆ ಹಗುರಾಗುವಂತಿತ್ತು, ಇನ್ನೇನು ಎದ್ದು ಬರುತ್ತಾರೆ ಎಂದುಕೊಂಡೆ.

"ನೀವು ಬರೀದಿದ್ರೇನು ಸಾಮಿ," ಅಂದರು. "ನಾನು ಅಂದಿದ್ನಲ್ಲ."

ಆಫೀಸರು ಎದ್ದು ಕೈ ಮುಗಿದು ಹೊರಟರು. ಬಾಗಿಲಲ್ಲಿ ನನ್ನನ್ನು ದಾಟಿಕೊಂಡು ಹೋಗುವಾಗ ಮುಖ ನೋಡಲಿಲ್ಲ. ನೋಡಿದ್ದರೆ ಮೇಲಾಗುತ್ತಿತ್ತು.

ಆ ಸಂಜೆ ನಾನು ಈ ಒಲೆಯ ಮುಂದೆ ಕೂತೆ. ಸೌದೆ ಒಟ್ಟಿದೆ, ಕೆಳಗೆ ತೆಂಗಿನ ನಾರು ಇಟ್ಟೆ. ಒದ್ದು ಒಡೆಯೋಣ ಎನ್ನಿಸಿತು. ಒಡೆಯಲಾಗಲಿಲ್ಲ, ಏಕೆಂದರೆ ಅದನ್ನು ತಟ್ಟಿದ್ದು ಅತ್ತೆಯ ಕೈ, ಪಕ್ಕದ ಮಣ್ಣಿನಲ್ಲಿ ಅವರ ಬೆರಳಿನ ಗುರುತು ಇನ್ನೂ ಇತ್ತು. ಪ್ರೀತಿಸಲೂ ಆಗಲಿಲ್ಲ. ಬೆಂಕಿಪೊಟ್ಟಣ ತೆಗೆದು ಕಡ್ಡಿ ಕೈಗೆತ್ತಿಕೊಂಡಿದ್ದೆ, ಅದನ್ನು ಹಾಗೇ ಒಳಗಿಟ್ಟು ಪೊಟ್ಟಣವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಒಂದು ಮಡಕೆ ಚೂರು ಹಿಡಿದುಕೊಂಡು ಗೋಡೆಯಾಚೆಗೆ ಹೋಗಿ ಅಕ್ಕನ ಅಡುಗೆಮನೆಯ ಬಾಗಿಲಲ್ಲಿ ನಿಂತೆ. ನಾನು ಆ ಬಾಗಿಲಿಗೆ ಬಂದು ವರ್ಷವಾಗಿತ್ತು. ಅವಳ ಕೋಡೊಲೆ ಉರಿಯುತ್ತಿತ್ತು, ಕೋಡಿನ ಮೇಲೆ ಏನೂ ಇರಲಿಲ್ಲ.

"ಅಕ್ಕ, ಎರಡು ಕೆಂಡ ಕೊಡು."

ಅವಳು ನನ್ನನ್ನು ನೋಡಿದಳು, ಚೂರನ್ನು ನೋಡಿದಳು. ಇಕ್ಕಳದಿಂದ ಕೆಂಡ ಎತ್ತಿ ಹಾಕಿದಳು, ಎರಡಲ್ಲ, ಚೂರಿನ ತುಂಬ. ಆಮೇಲೆ ಸಾರಿನ ಸೌಟು ಎತ್ತಿ ಒಂದು ತೊಟ್ಟನ್ನು ನನ್ನ ಬಿಡುವಾಗಿದ್ದ ಅಂಗೈಗೆ ಬಿಟ್ಟಳು. ಉಪ್ಪು ಜಾಸ್ತಿಯಾಗಿತ್ತು. ಆ ದಿನ ಮೊದಲ ಸಲ, "ಜಾಸ್ತಿಯಾಯ್ತಕ್ಕ" ಅಂದೆ. ಅವಳು ತಲೆ ಬಗ್ಗಿಸಿಕೊಂಡು ಒಂದು ಲೋಟ ನೀರು ಸುರಿದಳು.

ಅಂದಿನಿಂದ ಪಾಳಿ ನಿಂತಿತು. ಎರಡೂ ಹೊತ್ತು ಇಬ್ಬರೂ ಒಟ್ಟಿಗೆ, ಅತ್ತೆಯದೂ ನಮ್ಮದೂ ತಟ್ಟೆ ಹಿಡಿದು ಲಾಯಕ್ಕೆ ಹೋಗಿ ಹುಲ್ಲಿನ ಮೇಲೆ ಕೂತು ಉಂಡೆವು. ಅತ್ತೆ ಮಾತ್ರ ಒಳಗೆ ಬರಲಿಲ್ಲ, ಎಂದೂ ಬರಲಿಲ್ಲ. ಗಂಡಸರಿಬ್ಬರೂ ಬಾಗಿಲವರೆಗೆ ಬಂದು ನಿಲ್ಲುತ್ತಿದ್ದರು, ಕೂರುವ ಧೈರ್ಯ ಅವರಿಗೆ ಬರಲು ಇನ್ನೂ ಬಹಳ ದಿನ ಹಿಡಿಯಿತು.

ಆ ಸಂಜೆ ಕೆಂಡದ ಚೂರು ಹಿಡಿದು ನಾನು ತಿರುಗುವಾಗ ಅಕ್ಕ ಹಿಂದಿನಿಂದ ಕೇಳಿದಳು, "ಬೆಂಕಿಪೊಟ್ಟಣ ಖಾಲಿಯಾಯ್ತೇನೇ?"

"ಹೂಂ ಅಕ್ಕ," ಅಂದೆ. ಹೆಜ್ಜೆ ಇಟ್ಟಾಗಲೆಲ್ಲ ಸೊಂಟದಲ್ಲಿ ತುಂಬಿದ ಪೊಟ್ಟಣ ಗಿಲಿಗಿಲಿ ಎನ್ನುತ್ತಿತ್ತು; ಅವಳಿಗೆ ಕೇಳಿಸದೇ ಇರಲಿಲ್ಲ.